ಗಾಜಿನ ಪೊರೆ

ನಮ್ಮ ಯೆಜ್ಡಿ ಬೈಕು ಅಪ್ಪಟ ಮೈಸೂರಿನ ಕೂಸು. ಹೆತ್ತ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಕದ ಮುಚ್ಚಿತು. ಕೂಸು ಮಾತ್ರ ಇನ್ನೂ ಇಡೀ ಬೀದಿಯ ನಿದ್ದೆ ಕೆಡಿಸುತ್ತಿದೆ. ವಯಸ್ಸಾಗಿರುವುದು ಸ್ಪೀಡೋಮೀಟರಿನ ಗಾಜಿಗೆ. ಹಳದಿಗಟ್ಟಿ ಪೊರೆ ಬಂದಿತ್ತು. ಮುಳ್ಳು 40ರಲ್ಲಿದೆಯೋ 80ರಲ್ಲಿದೆಯೋ ದೇವರಿಗೇ ಗೊತ್ತು. ನಾನಂತೂ ಎಲ್ಲರೆದುರು 80 ಎಂದೇ ಜಂಬ ಕೊಚ್ಚುತ್ತಿದ್ದೆ.

"ರೀ, ಮೊದಲು ನಿಮ್ಮ ಕಣ್ಣು ತೋರಿಸ್ಕೊಳ್ಳಿ" ಎಂದಳು ಹೆಂಡತಿ.

ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಗಾಜು ತಂದು, ಭಾನುವಾರ ಶಸ್ತ್ರಚಿಕಿತ್ಸೆಗೆ ಕೂತೆ. ಗಾಜನ್ನು ಹಿಡಿದಿಡುವ ರಿಂಗಿನ ಅಂಚನ್ನು ಒಳಕ್ಕೆ ಮಡಚಿರುತ್ತಾರೆ. ಅದನ್ನು ಸ್ಕ್ರೂಡ್ರೈವರಿನಿಂದ ಸುತ್ತಲೂ ಚೂರುಚೂರೇ ಎಬ್ಬಿಸಬೇಕು, ಕಾವಲಿಯ ಮೇಲಿನ ಹೋಳಿಗೆ ಮಗುಚಿದ ಹಾಗೆ. ಆತುರಪಟ್ಟಿರೋ, ರಿಂಗು ಹಪ್ಪಳ! ಮುಳ್ಳಿಗೂ ಕೈ ತಾಗಬಾರದು. ಅದನ್ನು ಹಿಂದಕ್ಕೆಳೆಯುವ ಸುರುಳಿ ಸ್ಪ್ರಿಂಗು ಕೂದಲೆಳೆಯಷ್ಟು ಸಪೂರ.

ಮಧ್ಯಾಹ್ನದ ಹೊತ್ತಿಗೆ ಗಾಜು ಫಳಫಳ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಠೀವಿಯಿಂದ ಹೊರಟೆ. ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ನೋಡಿದರೆ, ಕೇಬಲ್ಲು ಯಾವ ಕಾಲದಲ್ಲೋ ತುಂಡಾಗಿದೆ.

ಹಿಂದಿನಿಂದ ದನಿ ಬಂತು: "ಪೊರೆ ಇದ್ದಾಗಲೇ ಮರ್ಯಾದೆ ಇತ್ತಲ್ವೇನ್ರೀ?"