ಕಾಶಿಗಿಂತ ಗುಲಗಂಜಿ ತೂಕ ಹೆಚ್ಚು

ಕಾಶಿ ಟಿಕೆಟ್ ಮಾರುವವರು ಹುಟ್ಟಬಾರದ ಊರು ತಿರುಮಕೂಡಲು ನರಸೀಪುರ, ಸೇರಬಾರದ ಊರು ನಂಜನಗೂಡು. ನಾನು ಅಲ್ಲಿ ಹುಟ್ಟಿ, ಇಲ್ಲಿಗೆ ಸೊಸೆಯಾಗಿ ಬಂದು, ಊಟದ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಅದೇ ವ್ಯಾಪಾರಕ್ಕೆ ಕೂತಿದ್ದೇನೆ.

ತವರಿನ ಗುಂಜಾನರಸಿಂಹಸ್ವಾಮಿಯ ಕೈಯಲ್ಲಿ ಒಂದು ಗುಲಗಂಜಿ ಇದೆ. ಕಾಶಿಗಿಂತ ಈ ಕ್ಷೇತ್ರ ಅಷ್ಟು ತೂಕ ಹೆಚ್ಚು ಎಂಬುದಕ್ಕೆ ಅದೇ ಸಾಕ್ಷಿಯಂತೆ. ಹಳೆಯ ಕತೆಯೊಂದರಲ್ಲಿ ಅಗಸನೊಬ್ಬ ಕಾಶಿಗೆ ಹೊರಡುವ ಮನಸ್ಸು ಮಾಡುತ್ತಾನೆ. ಸ್ವಾಮಿ ಕನಸಿನಲ್ಲಿ ಬಂದು, ಅಷ್ಟು ದೂರ ಯಾಕಪ್ಪ, ಇದೇ ಹೆಚ್ಚು ಎನ್ನುತ್ತಾನೆ. ಭಕ್ತರು ಇದನ್ನು ಮಹಿಮೆ ಎಂದು ಹೇಳಿಕೊಳ್ಳುತ್ತಾರೆ. ನನ್ನ ಕಸುಬಿನವರು ನೋಡಿದರೆ, ಇದು ದೇವರೇ ಮುಂದೆ ನಿಂತು ಮಾಡಿಸಿದ ಕ್ಯಾನ್ಸಲೇಷನ್. ಅತ್ತೆಮನೆಯ ಊರಿಗಂತೂ ದಕ್ಷಿಣ ಕಾಶಿ ಎಂದೇ ಬಿರುದು. ಟಿಪ್ಪುವಿನ ಆನೆಯ ಕಣ್ಣು ವಾಸಿ ಮಾಡಿ ‘ಹಕೀಮ್ ನಂಜುಂಡ’ ಅನ್ನಿಸಿಕೊಂಡ ದೇವರು ಎರಡು ಬೀದಿ ಆಚೆ ಇರುವಾಗ ರೈಲಿನಲ್ಲಿ ಸೊಂಟ ನೋಯಿಸಿಕೊಳ್ಳುವುದು ಯಾಕೆ ಎಂದು ನಮ್ಮತ್ತೆ ಕೇಳುತ್ತಾರೆ. ಕೇಳುವುದು ಗಿರಾಕಿಯ ಎದುರಿಗೇ.

2025ರಲ್ಲಿ ಪ್ರಯಾಗರಾಜದ ಮಹಾಕುಂಭಕ್ಕೆ ಜನ ಟಿಕೆಟ್ ಟಿಕೆಟ್ ಎಂದು ನನ್ನ ಪ್ರಾಣ ಹಿಂಡುತ್ತಿದ್ದರು. ಆಗಲೇ ಅಪ್ಪನ ಫೋನು. “ಅಲ್ಲ ಕಣಮ್ಮ, ಫೆಬ್ರುವರಿಲಿ ನಮ್ಮೂರಲ್ಲೇ ಕುಂಭಮೇಳ ಐತೆ. ಕಾವೇರಿ, ಕಪಿಲೆ, ಜೊತೆಗೆ ಸ್ಫಟಿಕ ಸರೋವರ, ಇಲ್ಲೂ ತ್ರಿವೇಣಿನೇ. ಅವರಿಗೆಲ್ಲ ಹೇಳಬಾರದಾ?” ನರಸೀಪುರದ ಕುಂಭಮೇಳ 1989ರಲ್ಲಿ ಶುರುವಾದದ್ದು, ಸಾಮಾನ್ಯವಾಗಿ ಮೂರು ವರ್ಷಕ್ಕೊಮ್ಮೆ ನಡೆಯುತ್ತದೆ. ಹೇಳಬಹುದಿತ್ತು. ಆದರೆ ನಂಜನಗೂಡಿನಿಂದ ನರಸೀಪುರಕ್ಕೆ ಹೆಂಗಸರಿಗೆ ಬಸ್ಸು ಬಿಟ್ಟಿ, ಅದರಲ್ಲಿ ನನಗೇನು ಉಳಿಯುತ್ತದೆ?

ಉಳಿಯುವ ಮಾತು ಬಂದದ್ದಕ್ಕೆ ಹೇಳುತ್ತೇನೆ. ರೈಲು ಟಿಕೆಟ್ ಒಂದಕ್ಕೆ ನನ್ನಂಥ ಏಜೆಂಟರು ಪಡೆಯಬಹುದಾದ ಸೇವಾ ಶುಲ್ಕ ಸ್ಲೀಪರ್‌ಗೆ 20 ರೂಪಾಯಿ, ಎ.ಸಿ.ಗೆ 40. ಗಿರಾಕಿ ನಮ್ಮ ಬೀದಿಯವರೇ ಆದ್ದರಿಂದ ಕಾಫಿ ಕೊಡದೆ ಕಳಿಸುವ ಹಾಗಿಲ್ಲ. ಸ್ಲೀಪರ್‌ನವರು ಎರಡನೇ ಲೋಟ ಕೇಳಿದರೆ ನನಗೆ ನಷ್ಟ. 2025ರ ಜುಲೈನಿಂದ ತತ್ಕಾಲ್ ತೆರೆದ ಮೊದಲ ಅರ್ಧ ಗಂಟೆ ಏಜೆಂಟರು ಬುಕ್ ಮಾಡುವಂತಿಲ್ಲ ಎಂದಾಗ ಈ ಕಸುಬಿನವರೆಲ್ಲ ಗೊಣಗಿದರು. ನಾನು ಗೊಣಗಲಿಲ್ಲ. ಎ.ಸಿ.ಯ 10ರಿಂದ 10.30ರಲ್ಲಿ ಪಲ್ಯ, ಸ್ಲೀಪರ್‌ನ 11ರಿಂದ 11.30ರಲ್ಲಿ ಸಾರು. ಒಗ್ಗರಣೆಗೆ ಇಷ್ಟು ಒಳ್ಳೆಯ ವೇಳಾಪಟ್ಟಿಯನ್ನು ನನಗೆ ಬೇರೆ ಯಾರೂ ಹಾಕಿಕೊಟ್ಟಿರಲಿಲ್ಲ.

ಮನೆಯಲ್ಲೇ ಕೂತು ಕೆಲಸ ಮಾಡುವವಳು ಕೆಲಸ ಮಾಡುತ್ತಿದ್ದಾಳೆಂದು ಯಾರೂ ನಂಬುವುದಿಲ್ಲ. ಎದುರು ಮನೆಯವರ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುವುದು, ಪಕ್ಕದ ಮನೆಯ ಮಗುವಿಗೆ ಸ್ಕೂಲ್ ವ್ಯಾನ್ ಕಾಯುವುದು ನನ್ನ ಪಾಲಿಗೇ. “ಹೆಂಗೂ ಮನೇಲೇ ಇರ್ತೀಯಲ್ಲಮ್ಮ.” ಇನ್ನು ಹುಣ್ಣಿಮೆ, ಅಮಾವಾಸ್ಯೆ ಬಂತೆಂದರೆ ನಂಟರು ಇಳಿಯುತ್ತಾರೆ. ಐದು ತೇರು ಎಳೆಯುವ ದೊಡ್ಡ ಜಾತ್ರೆಯಲ್ಲಿ ಕೇಳಲೇಬೇಡಿ. ಪರಊರಿನಲ್ಲಿ ಜನರಿಗೆ ಲಾಡ್ಜು ಹುಡುಕಿಕೊಡುವ ನನಗೆ ಆಗ ನನ್ನ ಮನೆಯಲ್ಲೇ ಮಲಗಲು ಜಾಗವಿರುವುದಿಲ್ಲ.

ವಿಚಿತ್ರವೆಂದರೆ, ನಮ್ಮದೇ ಹೆಚ್ಚು ಎಂದು ವಾದ ಮಾಡುವವರೇ ಕೊನೆಗೆ ಕಾಶಿಗೆ ಹೊರಡುವುದು. ಸೊಪ್ಪು ತರಲು ಹೋದಾಗ ಗೋಪುರ ಕಂಡು, ಚಪ್ಪಲಿ ಬಿಡದೆ ಕೈ ಮುಗಿದು ಬರುವ ದೇವರಿಗೆ ಯಾತ್ರೆಯ ಲೆಕ್ಕವಿಲ್ಲ. ನಡು ಹಿಡಿದುಕೊಳ್ಳಬೇಕು, ಚಿತ್ರಾನ್ನದ ಡಬ್ಬಿ ಖಾಲಿಯಾಗಬೇಕು, ಹಿಂದಿ ಬಾರದೆ ರಿಕ್ಷಾದವನ ಹತ್ತಿರ ಕೈಸನ್ನೆಯಲ್ಲಿ ಜಗಳವಾಡಬೇಕು, ಆಗಲೇ ಪುಣ್ಯ ಖಾತೆಗೆ ಜಮೆ. ಸರ್ಕಾರವೂ ಕಾಶಿಯ ಪಕ್ಷವೇ. 2022ರ ನವೆಂಬರ್‌ನಲ್ಲಿ ಬೆಂಗಳೂರಿನಿಂದ ಭಾರತ್ ಗೌರವ್ ಕಾಶಿ ರೈಲು ಹೊರಟಾಗ ರಾಜ್ಯ ಸರ್ಕಾರ ಒಬ್ಬೊಬ್ಬ ಯಾತ್ರಿಕರಿಗೆ 5,000 ರೂಪಾಯಿ ಸಹಾಯಧನ ಕೊಟ್ಟಿತು. ಅಂದಿನಿಂದ ಗಿರಾಕಿಗಳು ನನ್ನನ್ನೂ ಕೇಳುತ್ತಾರೆ: “ನೀನೆಷ್ಟು ಬಿಡ್ತೀಯಮ್ಮ?”

ಕೇಳುವುದು ಅದೊಂದನ್ನೇ ಅಲ್ಲ. “ಆಧಾರ್ ತೋರಿಸಿದ್ರೆ ಕಾಶಿಗೂ ಫ್ರೀ ತಾನೆ?” ಇದು ಶಕ್ತಿ ಯೋಜನೆಯ ಬಸ್ಸಿನಲ್ಲಿ ಓಡಾಡಿದವರ ಪ್ರಶ್ನೆ. “ಅರ್ಧ ಟಿಕೆಟ್ ಹಾಕು, ನಂಗೆ ಎಪ್ಪತ್ತು.” ಹಿರಿಯ ಗಂಡಸರಿಗೆ ಶೇ 40, ಹೆಂಗಸರಿಗೆ ಶೇ 50 ಇದ್ದ ರೈಲು ರಿಯಾಯಿತಿ 2020ರ ಮಾರ್ಚ್‌ನಲ್ಲೇ ನಿಂತಿತು ಎಂದರೆ, ನಾನೇ ನಿಲ್ಲಿಸಿದವಳಂತೆ ನೋಡುತ್ತಾರೆ. ಕೆಳಗಿನ ಬರ್ತ್ ಮಾತ್ರ ಎಲ್ಲರಿಗೂ ಬೇಕು. ಹನ್ನೆರಡು ಜನರ ತಂಡಕ್ಕೆ ಹನ್ನೆರಡು ಕೆಳಗಿನ ಬರ್ತ್. ಮೇಲಿನ ಬರ್ತ್‌ಗಳನ್ನು ರೈಲ್ವೆಯವರು ಯಾರಿಗೆಂದು ಮಾಡಿಸಿದ್ದಾರೋ, ನಂಜನಗೂಡಿನವರಿಗಂತೂ ಅಲ್ಲ.

ಕಾಶಿಗೆ ಹೋದವರು ಇಷ್ಟವಾದ ಒಂದು ತಿನಿಸನ್ನು ಅಲ್ಲಿ ಬಿಟ್ಟು ಬರಬೇಕೆಂಬ ಪದ್ಧತಿಯಿದೆ. ಏನು ಬಿಡಬೇಕೆಂಬ ಸಲಹೆಯೂ ನನ್ನ ಪ್ಯಾಕೇಜಿನಲ್ಲೇ ಸೇರಿಹೋಗಿದೆ. ಹಾಗಲಕಾಯಿ ಬಿಡುವ ಜಾಣರು ಎಲ್ಲ ಊರಲ್ಲೂ ಇರುತ್ತಾರೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಅವರನ್ನೂ ಮೀರಿಸಿದರು, ನಂಜನಗೂಡು ರಸಬಾಳೆ ಬಿಟ್ಟು ಬಂದರು. ಕೇಳಿದವರೆಲ್ಲ ಎಂಥ ತ್ಯಾಗ ಎಂದರು. ಪನಾಮ ಸೊರಗು ರೋಗ ತೋಟಗಳನ್ನು ತಿಂದುಹಾಕಿದ ಮೇಲೆ ಅಸಲಿ ರಸಬಾಳೆ ಕಣ್ಣಿಗೆ ಬೀಳುವುದೇ ಅಪರೂಪ. ಭೌಗೋಳಿಕ ಗುರುತಿನ ಮಾನ್ಯತೆ ಇದೆ, ಹಣ್ಣಿಲ್ಲ. ಸಿಗದ್ದನ್ನು ಬಿಡಲು ಕಷ್ಟವೇನು?

ಆಮೇಲೆ ಅವರ ಹಳೆಯ ಶಿಷ್ಯನೊಬ್ಬ ತನ್ನ ತೋಟದಲ್ಲಿ ಹೇಗೋ ಉಳಿಸಿಕೊಂಡಿದ್ದ ಅಸಲಿ ರಸಬಾಳೆಯ ಗೊನೆಯನ್ನೇ ತಂದು ಮೇಷ್ಟ್ರ ಜಗಲಿಯ ಮೇಲೆ ಇಟ್ಟು ಹೋದ. ಮರುದಿನ ಬೆಳಿಗ್ಗೆ, ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೆ, ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತರು.

“ಟಿಕೆಟ್ ಕ್ಯಾನ್ಸಲ್ ಮಾಡ್ಸಿದ್ರೆ ಒಂದಷ್ಟು ಹಿಡ್ಕೊಂಡು ಮಿಕ್ಕಿದ್ದು ವಾಪಸ್ ಕೊಡ್ತಾರಲ್ಲಮ್ಮ?”

“ಕೊಡ್ತಾರೆ ಸಾರ್.”

“ಅಲ್ಲಿ ಬಿಟ್ಟು ಬಂದಿದ್ದಕ್ಕೂ ಹಂಗೇನಾದ್ರೂ ಇದ್ಯಾ? ಎಷ್ಟು ಹಿಡ್ಕೊಂಡ್ರೂ ಪರವಾಗಿಲ್ಲ. ಇಡೀ ಗೊನೆ ಬೇಡ, ಒಂದು ಚಿಪ್ಪು ಸಾಕು.”