ಹದಿನಾರು ರೂಪಾಯಿಯವರಿಗೊಂದು ಬಹಿರಂಗ ಪತ್ರ

ಮಾನ್ಯ ಹದಿನಾರು ರೂಪಾಯಿಯವರೇ,

ಸಾಷ್ಟಾಂಗ ನಮಸ್ಕಾರ. ನಾನು ಪೀಣ್ಯದ ಒಂದು ಗಾರ್ಮೆಂಟ್ಸಿನಲ್ಲಿ ಅಂಗಿಗೆ ಕಾಲರ್ ಕೂರಿಸುವವಳು. ಇಷ್ಟು ದಿನ ತಮ್ಮನ್ನು ಬರೀ ಚಿಲ್ಲರೆ ಎಂದುಕೊಂಡಿದ್ದೆ. ಸಂತೆಗೆ ಕರೆದೊಯ್ದರೆ ಒಂದು ಕಟ್ಟು ಸೊಪ್ಪು ತರುತ್ತೀರಿ, ಬೇಳೆ ಅಂಗಡಿಯ ಮುಂದೆ ತಲೆ ತಗ್ಗಿಸುತ್ತೀರಿ. ಅಂಥವರು ಒಂದಿಡೀ ಉದ್ಯಮವನ್ನೇ ನಡುಗಿಸಬಲ್ಲಿರಿ ಎಂದು ಗೊತ್ತಿರಲಿಲ್ಲ. ತಪ್ಪಾಯಿತು, ಹೊಟ್ಟೆಗೆ ಹಾಕಿಕೊಳ್ಳಿ. ನಮ್ಮ ಹೊಟ್ಟೆಗಂತೂ ತಾವು ಬೀಳಲಿಲ್ಲ.

ತಾವು ಬರಬೇಕಿದ್ದದ್ದು 2020ರ ಏಪ್ರಿಲ್‌ನಲ್ಲಿ. ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ. 26 ದಿನಕ್ಕೆ ಹಂಚಿದರೆ ದಿನಕ್ಕೆ ತಾವು. ಹೊಸಿಲು ತುಳಿಯುವ ಹೊತ್ತಿಗೆ ಸರ್ಕಾರ ತಮ್ಮನ್ನು ತಡೆದು, ಒಂದು ವರ್ಷ ಹೊರಗೇ ಇರಿ ಎಂದಿತು. ಸೆಪ್ಟೆಂಬರಿನಲ್ಲಿ ಹೈಕೋರ್ಟು, ಬಾಕಿ ಸಮೇತ ಒಳಗೆ ಬಿಡಿ ಎಂದಿತು. ಆದರೂ ಮಾಲೀಕರು ಬಾಗಿಲು ತೆಗೆಯದೆ ಲಕ್ಷಾಂತರ ಮಂದಿಗೆ ತಾವು ದಕ್ಕಲಿಲ್ಲ. ನಮ್ಮ ಅಂಗಿ ಕೊಳ್ಳುವ ಹೊರದೇಶದ ಬ್ರ್ಯಾಂಡುಗಳು ಕಣ್ಣು ಕೆಂಪಗೆ ಮಾಡಿದ ಮೇಲೆಯೇ, ಸುಮಾರು ಎರಡು ವರ್ಷ ತಡವಾಗಿ, ತಮ್ಮ ಸವಾರಿ ಚಿತ್ತೈಸಿತು.

ತಮ್ಮನ್ನು ಕೂಲಿ ಏರಿಕೆ ಎಂದು ಕರೆಯುತ್ತಾರೆ. ಎಂಥ ಬಿರುದು! ಎಣ್ಣೆ, ಬೇಳೆ, ಮನೆ ಬಾಡಿಗೆ ಮೊದಲೇ ಅಟ್ಟ ಹತ್ತಿ ಕೂತಿದ್ದವು. ಬೆಲೆ ಸೂಚ್ಯಂಕದ ಕೋಲೂರಿಕೊಂಡು ಅವುಗಳ ಹಿಂದೆ ಏದುಸಿರು ಬಿಡುತ್ತ ಬಂದವರು ತಾವು. ನಾವು ಸಾಲ ಮಾಡಿ ಆಗಲೇ ಉಂಡ ಅನ್ನದ ಬಾಕಿ, ಅಷ್ಟೇ.

ತಮ್ಮ ಪ್ರತಾಪವನ್ನಾದರೂ ಎಷ್ಟೆಂದು ಹೊಗಳಲಿ? ನೂಲಿನ ರೇಟು ಏರಿದರೆ ಅದು ಮಾರ್ಕೆಟ್ಟು. ಡೀಸೆಲ್ ಏರಿದರೆ ಕಾಲಧರ್ಮ. ತಾವು ಬಂದರೆ ಮಾತ್ರ ಆರ್ಡರೆಲ್ಲ ಬಾಂಗ್ಲಾದೇಶಕ್ಕೆ, ಕಾರ್ಖಾನೆಗೆ ಬೀಗ.

ಪೂರಾ ಸುಳ್ಳೆಂದು ಹೇಳಲಾರೆ. ನಮ್ಮ ಬೀದಿಯ ಕೊನೆಯಲ್ಲಿ ಎಂಟು ಮೆಷಿನ್ನಿನ ಯಜಮಾನರೊಬ್ಬರಿದ್ದಾರೆ. ದೊಡ್ಡವರು ಕೊಟ್ಟ ಜಾಬ್‌ವರ್ಕ್ ಮಾಡುತ್ತಾರೆ. ಪೀಸಿಗೆ ಇಷ್ಟು ಎಂದು ರೇಟು ಬರೆಯುವ ಪೆನ್ನು ಅವರ ಕೈಯಲ್ಲಿಲ್ಲ. ತಮ್ಮ ಹೆಸರೆತ್ತಿದರೆ ಅವರಿಗೆ ನಿಜಕ್ಕೂ ನಿದ್ದೆ ಹತ್ತುವುದಿಲ್ಲ. ಆದರೆ ಪೆನ್ನು ಹಿಡಿದವರನ್ನು ಕೇಳುವ ಧೈರ್ಯ ಯಾರಿಗೂ ಇಲ್ಲ. ಎತ್ತಿಗೆ ಜ್ವರ, ಎಮ್ಮೆಗೆ ಬರೆ. ಆ ಎಮ್ಮೆ ತಾವು.

ಇನ್ನೊಂದು ಲೆಕ್ಕ ಒಪ್ಪಿಸಬೇಕು. ಕನಿಷ್ಠ ವೇತನ ಹೇಗಿರಬೇಕೆಂದು 1957ರಲ್ಲೇ ಭಾರತೀಯ ಕಾರ್ಮಿಕ ಸಮ್ಮೇಳನ ಅಳತೆ ಹಾಕಿಕೊಟ್ಟಿದೆ. ಸಂಸಾರವೊಂದಕ್ಕೆ ವರ್ಷಕ್ಕೆ 72 ಗಜ ಬಟ್ಟೆ. ನಮ್ಮ ಲೈನಿನಲ್ಲಿ ಬೆಳಗಿನ ಟೀಗೆ ಮುಂಚೆಯೇ ಅಷ್ಟು ಬಟ್ಟೆ ಅಂಗಿಯಾಗಿ ಪ್ಯಾಕಿಂಗಿಗೆ ಹೋಗಿರುತ್ತದೆ. ಉಣ್ಣುವ ಬಾಯಿ ಸಂಸಾರಕ್ಕೆ ಮೂರು: ಗಂಡ 1, ಹೆಂಡತಿ 0.8, ಇಬ್ಬರು ಮಕ್ಕಳು ತಲಾ 0.6. ಲೈನಿನಲ್ಲಿ ಕೂತವರು ಬಹುಪಾಲು ಹೆಂಗಸರೇ, ಅಂದರೆ ಉಣ್ಣುವಾಗ ನಾವೆಲ್ಲ 0.8. ಟಾರ್ಗೆಟ್ ಬರೆಯುವಾಗ ಮಾತ್ರ ಸೂಪರ್‌ವೈಸರ್ ನಮ್ಮನ್ನು ಪೂರ್ತಿ ಒಂದು ಎಂದೇ ಎಣಿಸುತ್ತಾರೆ. ಅಲ್ಲಿ ಸಮಾನತೆಗೆ ಕೊರತೆಯಿಲ್ಲ.

2025ರ ಏಪ್ರಿಲ್‌ನಲ್ಲಿ ತಮ್ಮ ದೊಡ್ಡಪ್ಪಂದಿರ ಸುದ್ದಿಯೂ ಬಂತು. ಕನಿಷ್ಠ ವೇತನ ತಿಂಗಳಿಗೆ 19,319ರಿಂದ 34,225 ರೂಪಾಯಿವರೆಗೆ ಎಂದು ಸರ್ಕಾರ ಕರಡು ಹೊರಡಿಸಿತು. ಮಾಲೀಕರ ಸಂಘಗಳು ಉದ್ಯಮ ಉಳಿಯದು ಎಂದವು. ಹದಿನಾರಕ್ಕೂ ಅದೇ ಮಾತು, ಹತ್ತೊಂಬತ್ತು ಸಾವಿರಕ್ಕೂ ಅದೇ ಮಾತು. ಇದನ್ನು ನೋಡಿದ ಮೇಲೆ ತಮ್ಮ ಮೇಲಿನ ಭಕ್ತಿ ಇನ್ನೂ ಹೆಚ್ಚಿತು. ಚಿಕ್ಕವರಾಗಿಯೂ ತಾವು ಎಬ್ಬಿಸಿದ ಗದ್ದಲ ದೊಡ್ಡವರಿಗೇನೂ ಕಡಿಮೆಯಿಲ್ಲ.

ಕೊನೆಗೊಂದು ಅರಿಕೆ. ಮುಂದಿನ ಸಲ ಬರುವಾಗ ಬೇಳೆಗಿಂತ ಒಂದು ದಿನ ಮೊದಲು ಬನ್ನಿ. ಒಂದೇ ಒಂದು ದಿನ ಸಾಕು.

ಇತಿ ತಮ್ಮ ವಿಧೇಯಳು,
0.8
ಲೈನ್ ನಂಬರ್ 3, ಕಾಲರ್ ವಿಭಾಗ