ಅಪ್ಪ-ಅಮ್ಮನಿಗೆಂದೇ ಮನೆ ಕಟ್ಟಿಸಿದ ಮಕ್ಕಳಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಸಾಷ್ಟಾಂಗ ನಮಸ್ಕಾರ. ನಿಮ್ಮ ಮನೆಯ ಜಾರುವ ನೆಲವಿರುವಾಗ ಅದಕ್ಕೆ ಬೇರೆ ಪ್ರಯತ್ನವೇನೂ ಬೇಕಿಲ್ಲ.

ಬಚ್ಚಲಿಗೆ ಮುಖ ಕಾಣುವಂಥ ಟೈಲ್ಸ್ ಹಾಕಿಸಿದ್ದೀರಿ. ಗೋಡೆಗೊಂದು ಹಿಡಿಕೆ ಇರಲೆಂದು ಪ್ಲಂಬರ್ ಅಂದಾಗ, ‘ಬೇಡಪ್ಪ, ಆಸ್ಪತ್ರೆ ಥರ ಕಾಣುತ್ತೆ’ ಎಂದಿರಿ. ಸರಿಯೇ. ಆಸ್ಪತ್ರೆಯನ್ನು ಆಸ್ಪತ್ರೆಯಲ್ಲೇ ನೋಡಿದರೆ ಚೆಂದ.

ಅಮ್ಮನಿಗೆ ನಿದ್ದೆ ಬರಲೆಂದು ಯಾವ ಕಾಲದಲ್ಲೋ ಡಾಕ್ಟರು ಬರೆದ ಆಲ್ಪ್ರಜೋಲಾಮ್ ಚೀಟಿ ಇಂದಿಗೂ ಮೆಡಿಕಲ್ ಶಾಪಿಗೆ ಹೋಗಿಬರುತ್ತಿದೆ. ಜೊತೆಗೆ ಬಿಪಿ ಮಾತ್ರೆ. ನಡುರಾತ್ರಿ ಮೂತ್ರಕ್ಕೆಂದು ದಡಕ್ಕನೆ ಎದ್ದರೆ ಬಿಪಿ ಇಳಿದು ತಲೆ ತಿರುಗುತ್ತದೆ; ಮಾತ್ರೆಯ ಮಂಪರು ಬಿಟ್ಟಿರುವುದಿಲ್ಲ; ಕಣ್ಣಲ್ಲಿ ಪೊರೆ. ಲೈಟ್ ಹಾಕಿದರೆ ನಿಮಗೆ ಎಚ್ಚರವಾದೀತೆಂದು ಅಮ್ಮ ಕತ್ತಲಲ್ಲೇ ಗೋಡೆ ತಡವುತ್ತಾರೆ. ಕಾಲಲ್ಲಿ ನೀವು ಸವೆಸಿ ಬಿಟ್ಟ ಹವಾಯಿ ಚಪ್ಪಲಿ, ಹೊಸ್ತಿಲಲ್ಲಿ ಜಾರುವ ಕಾಲೊರಸು. ಸೊಂಟ ಮುರಿಯಲು ಮಹಡಿಯಿಂದ ಬೀಳಬೇಕಿಲ್ಲ; ನಿಂತಲ್ಲೇ ಪಕ್ಕಕ್ಕೆ ವಾಲಿ ಬಿದ್ದರೂ ಸಾಕು.

ಅಪ್ಪನದು ಸೂರ್ಯ ಹುಟ್ಟುವ ಮುಂಚಿನ ವಾಕಿಂಗ್, ಮಂಕಿ ಕ್ಯಾಪ್ ಸಮೇತ. ಮೂಳೆಗೆ ಬೇಕಾದ ವಿಟಮಿನ್ ಡಿ ಹುಟ್ಟುವುದು ಹೊತ್ತೇರಿದ ಬಿಸಿಲಿಗೆ. ಆ ಹೊತ್ತಿಗೆ ಅವರು ಟಿವಿ ಮುಂದಿರುತ್ತಾರೆ, ನೀವು ಕೊಡಿಸಿದ ದೊಡ್ಡ ಟಿವಿ.

ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಬಡಕಲು ಮೈ, ಸಿಗರೇಟು, ಕುಡಿತ, ಕೀಲುವಾತ, ತಿಂಗಳುಗಟ್ಟಲೆ ನುಂಗಿದ ಸ್ಟೆರಾಯ್ಡ್, ಹೆತ್ತವರಿಗೆ ಮುರಿದಿದ್ದ ಸೊಂಟ, ಹಿಂದೆ ಮುರಿದ ಮೂಳೆ: ಇವನ್ನೆಲ್ಲ ಕೂಡಿಸಿ ಮುಂದಿನ 10 ವರ್ಷಗಳಲ್ಲಿ ಮೂಳೆ ಮುರಿಯುವ ಅಪಾಯ ಹೇಳುವ ‘ಫ್ರಾಕ್ಸ್’ ಲೆಕ್ಕವನ್ನು ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2008ರಲ್ಲೇ ಕೊಟ್ಟಿದ್ದಾರೆ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಟಿ-ಸ್ಕೋರ್ ಮೈನಸ್ 2.5ಕ್ಕೋ ಅದಕ್ಕೂ ಕೆಳಕ್ಕೋ ಇಳಿದರೆ ಮೂಳೆ ಟೊಳ್ಳಾಗಿದೆ ಎಂದರ್ಥ. ಕಾರಿನ ಸರ್ವೀಸ್ ತಾರೀಖು ಮರೆಯದ ನೀವು, ಅಮ್ಮನ ಮಣಿಕಟ್ಟು ಮುರಿದಾಗ ಪ್ಲಾಸ್ಟರ್ ಬಿಚ್ಚಿಸಿ, ‘ಸದ್ಯ, ಕೈಯಷ್ಟೇ’ ಎಂದು ನಿಟ್ಟುಸಿರುಬಿಟ್ಟಿರಿ. ಮೂಳೆ ಕೊಟ್ಟ ಮೊದಲ ನೋಟಿಸು ಅದೇ ಆಗಿತ್ತು.

ನಾಳೆ ಸೊಂಟ ಮುರಿದರೆ, ‘ವಯಸ್ಸಾಯ್ತಲ್ಲ’ ಎನ್ನಲು ನೆಂಟರು ಸಿದ್ಧರಿದ್ದಾರೆ. ಸೊಂಟ ಮುರಿದ ಐವರು ಹಿರಿಯರಲ್ಲಿ ಹೆಚ್ಚುಕಡಿಮೆ ಒಬ್ಬರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಒಂದು ನೈಟ್ ಲ್ಯಾಂಪ್, ಕಣ್ಣಿನ ಪೊರೆಯ ಆಪರೇಷನ್, ಮಾತ್ರೆ ಡಬ್ಬಿಯನ್ನೇ ಡಾಕ್ಟರ ಮುಂದಿಟ್ಟು ‘ಇದರಲ್ಲಿ ಯಾವುದು ಇನ್ನೂ ಬೇಕು?’ ಎಂಬ ಪ್ರಶ್ನೆ. ಇಷ್ಟೂ ದಂಡದ ಖರ್ಚು ಎನಿಸಿದರೆ ಬಿಡಿ. ವ್ಹೀಲ್‌ಚೇರ್ ನುಗ್ಗುವಷ್ಟು ಅಗಲ ನಿಮ್ಮ ಬಾಗಿಲುಗಳಿಗಿದೆಯೇ ಎಂದು ಈಗಲೇ ಟೇಪು ಹಿಡಿದು ನೋಡಿಕೊಳ್ಳಿ.

ಇಂತಿ ನಿಮ್ಮ ಹಿತೈಷಿ,
ಎದುರು ಮನೆಯ ಹಿರಿಯ